ಓದುಗರ ಪ್ರಶ್ನೆಗಳು: ಸಂಸ್ಕರಿಸಿದ ಬೆಳೆಗೆ ಹೊರದೇಶದ ಮಾರುಕಟ್ಟೆ

ಬೆಳೆದದ್ದನ್ನು ಚೀಲಕ್ಕೆ ತುಂಬಿ ಮಂಡಿಗೆ ಕಳಿಸುವ ಬದಲು, ಸಂಸ್ಕರಿಸಿ ಹೊರದೇಶಕ್ಕೆ ಮಾರಬಹುದೇ ಎಂದು ವಿಚಾರಿಸುವ ಪತ್ರಗಳು ಕಳೆದ ಕೆಲವು ತಿಂಗಳಿಂದ ಹೆಚ್ಚಾಗಿ ಬರುತ್ತಿವೆ. ಅವುಗಳಲ್ಲಿ ಐದನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರಿನ ಕಡೆಯನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ನಾವು ಎರಡು ವರ್ಷದಿಂದ ಒಂದು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಮುಕ್ಕಾಲು ಎಕರೆಯಲ್ಲಿ ಮಿಡಿಸೌತೆ ಬೆಳೆಯುತ್ತಿದ್ದೇವೆ. ಕಿರುಬೆರಳಿನಷ್ಟು ಕಾಯಿಗೆ ಒಳ್ಳೆಯ ದರ ಕೊಡುವವರು, ಒಂದು ದಿನ ತಡವಾಗಿ ಕಿತ್ತ ಕಾಯಿಗೆ ಅರ್ಧ ಬೆಲೆಯನ್ನೂ ಕಟ್ಟುವುದಿಲ್ಲ. ನಮ್ಮ ಕಡೆ ಯಾರೂ ತಿನ್ನದ ಈ ಕಾಯಿಯನ್ನು ನಂಬಿ ಎರಡು ಎಕರೆಗೆ ವಿಸ್ತರಿಸಬಹುದೇ?
— ಒಬ್ಬ ರೈತರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಹೊಲದ ಕಾಯಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ, ಅವರು ಏಕೆ ಹಾಗೆ ಆರಿಸುತ್ತಾರೆ ಎಂಬುದು ಅರ್ಥವಾಗುತ್ತದೆ. ಭಾರತದಲ್ಲಿ ಮಿಡಿಸೌತೆಯ ಕೃಷಿ ಮತ್ತು ಸಂಸ್ಕರಣೆ 1990ರ ದಶಕದ ಆರಂಭದಲ್ಲಿ ನಮ್ಮ ಕರ್ನಾಟಕದಲ್ಲೇ ಸಣ್ಣದಾಗಿ ಶುರುವಾಗಿ, ಆಮೇಲೆ ತಮಿಳುನಾಡು, ಆಂಧ್ರ ಮತ್ತು ತೆಲಂಗಾಣಕ್ಕೆ ಹರಡಿತು. ಇಂದು ಜಗತ್ತಿನಲ್ಲಿ ಇದನ್ನು ಅತಿ ಹೆಚ್ಚು ರಫ್ತು ಮಾಡುವ ದೇಶ ನಮ್ಮದು. ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದಲ್ಲಿದ್ದು ಕೃಷಿ ಮತ್ತು ಸಂಸ್ಕರಿಸಿದ ಆಹಾರದ ರಫ್ತನ್ನು ನೋಡಿಕೊಳ್ಳುವ ಅಪೆಡಾ ಸಂಸ್ಥೆಯ ಲೆಕ್ಕದಂತೆ 2020-21ರಲ್ಲಿ ಸೌತೆ ಮತ್ತು ಮಿಡಿಸೌತೆ ಸೇರಿ 2,23,515 ಟನ್ ಸರಕು ಹೊರಟು, 22.3 ಕೋಟಿ ಡಾಲರ್ ತಂದಿತು. ಸುಮಾರು 65,000 ಎಕರೆಯಲ್ಲಿ 90,000ದಷ್ಟು ಸಣ್ಣ ಮತ್ತು ಅತಿಸಣ್ಣ ರೈತರು ಒಪ್ಪಂದದ ಮೇಲೆ ಇದನ್ನು ಬೆಳೆಯುತ್ತಾರೆ. ಅಮೆರಿಕ, ಫ್ರಾನ್ಸ್, ಜರ್ಮನಿ, ಸ್ಪೇನ್, ಆಸ್ಟ್ರೇಲಿಯಾ, ರಷ್ಯಾ, ಜಪಾನ್ ಮುಖ್ಯ ಗಿರಾಕಿಗಳು.

ನಮ್ಮಲ್ಲಿ ಯಾರೂ ತಿನ್ನುವುದಿಲ್ಲ ಎಂಬ ನಿಮ್ಮ ಅಳುಕು ಸಹಜವಾದದ್ದು. ಆದರೆ ಈ ಬೆಳೆ ಗೆದ್ದದ್ದಕ್ಕೆ ಕಾರಣವೂ ಅಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಮಿಕ್ಕ ಮಾಲನ್ನು ಅಲ್ಲಿಗೆ ಸಾಗಿಸೋಣ ಎಂದು ಯಾರೂ ಹೊರಟಿರಲಿಲ್ಲ. ಗಾಜಿನ ಭರಣಿಯಲ್ಲಿ ನಿಲ್ಲಿಸಿ ಜೋಡಿಸಬಹುದಾದ, ಕಚ್ಚಿದರೆ ಕರುಂ ಎನ್ನುವ, ಬೀಜ ಬಲಿಯದ ಕಾಯಿ ಬೇಕು ಎಂದು ಕೊಳ್ಳುವವರು ಅಳತೆ ಕೊಟ್ಟರು. ಆ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಬೀಜ, ನೀರು, ಗೊಬ್ಬರ, ಕೊಯ್ಲಿನ ವೇಳೆ ಎಲ್ಲವನ್ನೂ ನಿಗದಿ ಮಾಡಲಾಯಿತು. ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಎಂಬ ಎಣಿಕೆಯ ಮೇಲೆ ದರ್ಜೆ ನಿಲ್ಲುತ್ತದೆ. ಬೆಳಿಗ್ಗೆ ಮೇಲಿನ ದರ್ಜೆಯಲ್ಲಿದ್ದ ಕಾಯಿ ಮರುದಿನ ಬೆಳಗಾಗುವಷ್ಟರಲ್ಲಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಹಾಗಾಗಿ ಈ ಬೆಳೆಯಲ್ಲಿ ನಿಮ್ಮ ಮಿತಿಯನ್ನು ಗೊತ್ತುಮಾಡುವುದು ಕೀಳುವ ಕೈಗಳ ಸಂಖ್ಯೆಯೇ ಹೊರತು ಜಮೀನಿನ ವಿಸ್ತಾರವಲ್ಲ. ಎಕರೆಗೆ ಸರಾಸರಿ 4 ಟನ್ ಇಳುವರಿ, ಸುಮಾರು 80,000 ರೂಪಾಯಿ ಆದಾಯ, ಅದರಲ್ಲಿ 40,000 ರೂಪಾಯಿ ನಿವ್ವಳ ಎಂದು ಅಪೆಡಾ ಆ ವರ್ಷಗಳಲ್ಲಿ ಅಂದಾಜಿಸಿತ್ತು. ಮುಕ್ಕಾಲು ಎಕರೆಯನ್ನು ಮನೆಯವರೇ ಕೀಳುತ್ತಿರುವ ನೀವು ಎರಡು ಎಕರೆಗೆ ಹೋದರೆ ಆಳುಗಳನ್ನು ಹಚ್ಚಬೇಕಾಗುತ್ತದೆ. ಆಳು ಬಾರದ ಎರಡು ದಿನಗಳಲ್ಲಿ ಆ ನಿವ್ವಳ ಕರಗಿಹೋಗಬಹುದು. ಎರಡು ಎಕರೆಗೆ ಒಮ್ಮೆಲೇ ಬೀಜ ಹಾಕದೆ, ಅರ್ಧ ಅರ್ಧ ಎಕರೆಯನ್ನು ಹದಿನೈದು ದಿನದ ಅಂತರದಲ್ಲಿ ಬಿತ್ತಿ ನೋಡಿ. ಒಂದೇ ತಾಕಿನಲ್ಲಿ ಮತ್ತೆ ಮತ್ತೆ ಸೌತೆ ಜಾತಿಯ ಬೆಳೆ ಹಾಕಿದರೆ ಬೂಜು ತುಪ್ಪಟ ರೋಗ ಹಿಡಿಯುತ್ತದೆ ಎಂಬುದು ನಿಮಗೆ ಗೊತ್ತಿರಬಹುದು; ನಡುವೆ ರಾಗಿಯನ್ನೋ ಜೋಳವನ್ನೋ ತಪ್ಪದೆ ಹಾಕಿ.

ಇನ್ನು ಒಪ್ಪಂದದ ಕಾಗದವನ್ನು ಮತ್ತೊಮ್ಮೆ ಓದಿಕೊಳ್ಳಿ. ಪ್ರತಿ ದರ್ಜೆಗೆ ದರವೆಷ್ಟು, ಬೀಜ ಗೊಬ್ಬರದ ಹಣವನ್ನು ಯಾವಾಗ ಮುರಿದುಕೊಳ್ಳುತ್ತಾರೆ, ಕಾಯಿ ತಿರಸ್ಕರಿಸುವುದು ಊರಿನ ಸಂಗ್ರಹ ಕೇಂದ್ರದಲ್ಲೋ ಕಾರ್ಖಾನೆಯಲ್ಲೋ, ಈ ಮೂರೂ ಕನ್ನಡದಲ್ಲಿ ಬರೆದಿರಬೇಕು. ತಿರಸ್ಕಾರವು ನಿಮ್ಮ ಕಣ್ಣೆದುರಿಗೇ, ತೂಕದ ಹೊತ್ತಿನಲ್ಲೇ ನಡೆಯಬೇಕು ಎಂದು ಪಟ್ಟು ಹಿಡಿಯಿರಿ.

ಕೊನೆಯದಾಗಿ, ರೈತರಷ್ಟೇ ನಮ್ಮ ಉದ್ಯಮಿಗಳೂ ಯೋಚಿಸಬೇಕಾದ ಒಂದು ಮಾತಿದೆ. ನಮ್ಮ ಮಿಡಿಸೌತೆಯಲ್ಲಿ ಬಹಳಷ್ಟು ಉಪ್ಪುನೀರಿನಲ್ಲಿ ಅಥವಾ ವಿನೆಗರ್‌ನಲ್ಲಿ ಮುಳುಗಿ ದೊಡ್ಡ ಡ್ರಮ್ಮುಗಳಲ್ಲಿ ಹೋಗುತ್ತದೆ. ಅಲ್ಲಿನವರು ಅದನ್ನು ತೊಳೆದು, ಮಸಾಲೆ ಕೂಡಿಸಿ, ತಮ್ಮ ಚೀಟಿ ಅಂಟಿಸಿದ ಭರಣಿಗೆ ತುಂಬಿ ಮಾರುತ್ತಾರೆ. ಡ್ರಮ್ಮಿನಿಂದ ಭರಣಿಗೆ ಬರುವ ಆ ಕೊನೆಯ ಹೆಜ್ಜೆಯಲ್ಲಿ ಬೆಲೆ ಹೆಚ್ಚು ಏರುತ್ತದೆ. ಇಲ್ಲಿಯೇ ಭರಣಿಗೆ ತುಂಬುವ ಘಟಕಗಳೂ ಇವೆ, ಆದರೆ ಆ ಕೆಲಸಕ್ಕೆ ಶಿಸ್ತು ಬೇಕು. ಅಮೆರಿಕಕ್ಕೆ ಕಳಿಸುವ ಹುಳಿಗೂಡಿಸಿದ ಆಹಾರದ ಪಿಎಚ್ 4.6ನ್ನು ಮೀರಬಾರದು, ಕಾರ್ಖಾನೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿ ನೋಂದಣಿಯಾಗಿರಬೇಕು, ಪ್ರತಿಯೊಂದು ಉತ್ಪನ್ನದ ಕಾಯಿಸುವ ವಿಧಾನವನ್ನೂ ಮುಂಚಿತವಾಗಿ ಸಲ್ಲಿಸಿರಬೇಕು. ನಿಮ್ಮ ಕಂಪನಿ ಭರಣಿಯ ವ್ಯಾಪಾರಕ್ಕೆ ಇಳಿದಿದೆಯೇ ಎಂದು ವಿಚಾರಿಸಿ. ಇಳಿದಿದ್ದರೆ ಸಣ್ಣ ಕಾಯಿಗೆ ಅವರಿಂದ ಹೆಚ್ಚು ದರ ಕೇಳಲು ನಿಮಗೆ ಆಧಾರವಿದೆ.

ಪ್ರಶ್ನೆ: ನಮ್ಮದು 400 ಸದಸ್ಯರ ರೈತ ಉತ್ಪಾದಕರ ಕಂಪನಿ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದಾಗಲೆಲ್ಲ ನಾವೇ ಪುಡಿ ಮಾಡಿ ಯುರೋಪಿಗೆ ಕಳಿಸೋಣ ಎಂಬ ಮಾತು ಸಭೆಯಲ್ಲಿ ಏಳುತ್ತದೆ. ಕುಟ್ಟುವ ಯಂತ್ರಕ್ಕೆ ಸಾಲ ಕೊಡಲು ಬ್ಯಾಂಕಿನವರೂ ಒಪ್ಪಿದ್ದಾರೆ. ಯಂತ್ರ ಹಾಕುವ ಮೊದಲು ನಾವು ಏನನ್ನು ನೋಡಿಕೊಳ್ಳಬೇಕು?
— ಕಂಪನಿಯ ನಿರ್ದೇಶಕರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಯಂತ್ರಕ್ಕಿಂತ ಮೊದಲು ಕಾಯಿ ಒಣಗಿಸುವ ಕಣವನ್ನು ನೋಡಿಕೊಳ್ಳಿ. ಸಾಲದ ಕಾಗದಕ್ಕೆ ಸಹಿ ಹಾಕುವುದನ್ನು ಒಂದು ಹಂಗಾಮಿನ ಮಟ್ಟಿಗೆ ಮುಂದೂಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಕಡ್ಡಿ ಬಗೆಯದಾಗಲಿ ಡಬ್ಬಿ ಬಗೆಯದಾಗಲಿ, ಅದರ ಗುಣವೆಂದರೆ ಖಾರ ಕಡಿಮೆ, ಬಣ್ಣ ಹೆಚ್ಚು. ಈ ಬಣ್ಣವನ್ನು ಹೀರಿ ತೆಗೆದ ಓಲಿಯೋರೆಸಿನ್ ಎಂಬ ದ್ರಾವಣವು ಸಾಸ್, ಚೀಸ್, ಮಾಂಸದ ಉತ್ಪನ್ನಗಳಿಗೆ ಸಹಜ ಬಣ್ಣವಾಗಿ ಹೊರದೇಶಗಳಿಗೆ ಹೋಗುತ್ತದೆ. ಅದನ್ನು ತೆಗೆಯುವ ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ಕೇರಳದಲ್ಲಿವೆ. ಎಂದರೆ ನಿಮ್ಮ ಕಾಯಿ ಈಗಾಗಲೇ ಬೇರೆ ರೂಪದಲ್ಲಿ ಯುರೋಪನ್ನು ಮುಟ್ಟುತ್ತಿದೆ. ನೀವು ಪುಡಿಯಾಗಿ ನೇರವಾಗಿ ಮುಟ್ಟಿಸಬೇಕಾದರೆ ನಾಲ್ಕು ಕಡೆ ಪರೀಕ್ಷೆ ಎದುರಾಗುತ್ತದೆ.

ಮೊದಲನೆಯದು ಬೂಷ್ಟಿನ ವಿಷ. ಒಣಗುವ ಹೊತ್ತಿನಲ್ಲಿ ಇಬ್ಬನಿ ಬಿದ್ದ ಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಕುಟ್ಟಿದರೂ ಕಾಯಿಸಿದರೂ ಅದು ಹೋಗುವುದಿಲ್ಲ. ಯುರೋಪಿನ ಒಕ್ಕೂಟವು ಒಣಮೆಣಸಿನಕಾಯಿಯಲ್ಲಿ ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ, ಅದರಲ್ಲಿ ಬಿ1 ಬಗೆಯದು 5 ಮೈಕ್ರೋಗ್ರಾಂ ಮೀರಬಾರದು ಎಂದು ಮಿತಿ ಇಟ್ಟಿದೆ. ಇದರ ಕಷ್ಟವೇನೆಂದರೆ ವಿಷ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ. ನೂರು ಚೀಲದಲ್ಲಿ ಮೂರು ಚೀಲ ಕೆಟ್ಟಿದ್ದರೆ, ಒಂದು ಹಿಡಿ ತೆಗೆದು ಪರೀಕ್ಷಿಸಿದಾಗ ಎಲ್ಲವೂ ಸರಿಯಿದೆ ಎಂದು ಕಾಣುತ್ತದೆ. ಕುಟ್ಟಿ ಬೆರೆಸಿದ ಮೇಲೆ ಅದೇ ಮೂರು ಚೀಲ ಇಡೀ ರಾಶಿಗೆ ವ್ಯಾಪಿಸುತ್ತದೆ. ಆದ್ದರಿಂದ ಕಾಯಿಯನ್ನು ನೆಲಕ್ಕೆ ಸುರಿಯದೆ ತಾಡಪತ್ರಿಯ ಮೇಲೆ, ಸಾಧ್ಯವಾದರೆ ನೆಲದಿಂದ ಎತ್ತರಿಸಿದ ಬಲೆಯ ಮೇಲೆ ಒಣಗಿಸಬೇಕು. ಸಂಜೆಯಾಗುತ್ತಲೇ ಗುಡ್ಡೆ ಮಾಡಿ ಮುಚ್ಚಬೇಕು. ಚೀಲ ತುಂಬುವಾಗ ಕಾಯಿ ಮುರಿಯದಿರಲಿ ಎಂದು ಕೆಲವೆಡೆ ನೀರು ಚಿಮುಕಿಸುವ ರೂಢಿಯನ್ನು ಪೂರ್ತಿಯಾಗಿ ಬಿಡಬೇಕು. 400 ಮನೆಗಳ ಕಣಗಳನ್ನು ಬದಲಿಸುವುದು ಯಂತ್ರ ತರುವುದಕ್ಕಿಂತ ಕಷ್ಟದ ಕೆಲಸ. ಆದರೆ ಅದರ ಖರ್ಚು ಕಡಿಮೆ.

ಎರಡನೆಯದು ಕೀಟನಾಶಕದ ಉಳಿಕೆ. ಪ್ರತ್ಯೇಕ ಮಿತಿ ನಿಗದಿಯಾಗದ ಔಷಧಗಳಿಗೆ ಯುರೋಪು ಇಟ್ಟಿರುವ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಇದನ್ನು ನಮ್ಮ ಲೆಕ್ಕಕ್ಕೆ ತಂದರೆ ನೂರು ಟನ್ ಮಾಲಿನಲ್ಲಿ ಒಂದು ಗ್ರಾಂ. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಕ್ಲೋರ್‌ಪೈರಿಫಾಸ್‌ಗೆ ಯುರೋಪು 2020ರಲ್ಲೇ ಅನುಮತಿ ನಿಲ್ಲಿಸಿದೆ. ಥ್ರಿಪ್ಸ್ ಮತ್ತು ಮುಟುರು ರೋಗದ ಭಯಕ್ಕೆ ವಾರಕ್ಕೊಮ್ಮೆ ಸಿಂಪಡಿಸುವ ಹೊಲದ ಕಾಯಿ ಈ ಮಿತಿಯೊಳಗೆ ನಿಲ್ಲುವುದಿಲ್ಲ.

ಈ ಕುರಿತು ನಾನೇ ಕಂಡ ಒಂದು ಪ್ರಸಂಗವನ್ನು ಹೇಳಬೇಕು. ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ ಐವತ್ತಕ್ಕೂ ಹೆಚ್ಚು ರೈತರ ಕಾಯಿ ಒಟ್ಟುಗೂಡಿದ ಒಂದು ಮಾಲು ಪರೀಕ್ಷೆಯಲ್ಲಿ ಸೋತಿತು. ಯಾರ ಹೊಲದಿಂದ ಆ ಔಷಧ ಬಂತು ಎಂದು ಹುಡುಕಲು ಹೊರಟರೆ ಚೀಲಗಳ ಮೇಲೆ ಗುರುತೂ ಇರಲಿಲ್ಲ, ಸಿಂಪಡಣೆಯ ದಾಖಲೆಯೂ ಇರಲಿಲ್ಲ. ಇಬ್ಬರೋ ಮೂವರೋ ಮಾಡಿದ ತಪ್ಪಿಗೆ ಐವತ್ತು ಮನೆಯ ಮಾಲು ಕಡಿಮೆ ಬೆಲೆಗೆ ಒಳನಾಡಿನಲ್ಲೇ ಹೋಯಿತು. ಸರಿಯಾಗಿ ಬೆಳೆದವರ ಮುಖ ನನಗೆ ಈಗಲೂ ನೆನಪಿದೆ. ನಿಮ್ಮ ಕಂಪನಿಯಲ್ಲಿ ಪ್ರತಿ ಸದಸ್ಯರಿಗೂ ಒಂದು ಸಂಖ್ಯೆ, ಆ ಸಂಖ್ಯೆ ಬರೆದ ಚೀಲ, ಯಾವ ದಿನ ಯಾವ ಔಷಧ ಎಷ್ಟು ಹೊಡೆದರು ಎಂಬ ಒಂದು ಪುಸ್ತಕ, ಇಷ್ಟನ್ನು ಈ ವರ್ಷವೇ ಶುರು ಮಾಡಿ. ಕೊಯ್ಲಿಗೆ ಮುಂಚೆ ಎಷ್ಟು ದಿನ ಸಿಂಪಡಣೆ ನಿಲ್ಲಿಸಬೇಕು ಎಂಬುದನ್ನು ಔಷಧದ ಡಬ್ಬಿಯ ಮೇಲೆಯೇ ಬರೆದಿರುತ್ತಾರೆ. ಅದನ್ನು ಓದಿ ಹೇಳುವ ಒಬ್ಬ ಯುವಕನನ್ನೋ ಯುವತಿಯನ್ನೋ ಪ್ರತಿ ಊರಿಗೂ ನೇಮಿಸಿ.

ಮೂರನೆಯದು ಕೃತಕ ಬಣ್ಣ. 2003ರಲ್ಲಿ ಫ್ರಾನ್ಸ್‌ನಲ್ಲಿ ಭಾರತದ ಮೆಣಸಿನಪುಡಿಯೊಳಗೆ ಸುಡಾನ್ 1 ಎಂಬ ಕಾರ್ಖಾನೆಯ ಬಣ್ಣ ಪತ್ತೆಯಾಯಿತು. 2005ರಲ್ಲಿ ಅದೇ ಬಣ್ಣ ಬೆರೆತ ಮೆಣಸಿನಪುಡಿಯ ಕಾರಣಕ್ಕೆ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಹಿಂತೆಗೆಯಬೇಕಾಯಿತು. ಆಗಿನಿಂದ ಮೆಣಸಿನಕಾಯಿಯ ರಫ್ತಿಗೆ ಸಾಂಬಾರ ಮಂಡಳಿ ಕಡ್ಡಾಯ ಪರೀಕ್ಷೆಯನ್ನು ತಂದಿದೆ. ಸಹಜವಾಗಿಯೇ ಕೆಂಪಾದ ಬ್ಯಾಡಗಿ ಕಾಯಿಗೆ ಬಣ್ಣ ಬೆರೆಸುವ ಅಗತ್ಯವೇ ಇಲ್ಲ. ಆದರೆ ಹೊರಗಿನಿಂದ ಪುಡಿ ತಂದು ಬೆರೆಸುವ ದುರಾಸೆಗೆ ಬೀಳಬಾರದು.

ನಾಲ್ಕನೆಯದು ರೋಗಾಣು ನಾಶ. ನೆಲದ ಮೇಲೆ ಒಣಗಿದ ಯಾವ ಸಾಂಬಾರ ಪದಾರ್ಥದಲ್ಲೂ ರೋಗಾಣುಗಳಿರುತ್ತವೆ. ಇವನ್ನು ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್ ಅನಿಲಕ್ಕೆ ಅಮೆರಿಕದಲ್ಲಿ ಒಂದು ಮಿತಿಯೊಳಗೆ ಅನುಮತಿ ಇದೆ, ಯುರೋಪಿನಲ್ಲಿ ಇಲ್ಲ. ಹೀಗಾಗಿ ನ್ಯೂಯಾರ್ಕಿನಲ್ಲಿ ಸಲ್ಲುವ ಚೀಲವೇ ಹ್ಯಾಂಬರ್ಗ್‌ನಲ್ಲಿ ನಿಂತುಹೋಗುತ್ತದೆ. ಯುರೋಪಿಗೆ ಕಳಿಸುವವರು ಹಬೆಯಿಂದ ಶುದ್ಧೀಕರಿಸಬೇಕು. ಆ ಯಂತ್ರದ ಬೆಲೆ ಕುಟ್ಟುವ ಯಂತ್ರದ ಹಲವು ಪಟ್ಟು. ಮೊದಲ ವರ್ಷಗಳಲ್ಲಿ ಅಂಥ ಯಂತ್ರವಿರುವ ಘಟಕದಲ್ಲಿ ಕೂಲಿ ಕೊಟ್ಟು ಮಾಡಿಸಿಕೊಳ್ಳುವುದೇ ಲೇಸು.

ನನ್ನ ಸಲಹೆಯ ಕ್ರಮ ಹೀಗಿದೆ. ಮೊದಲ ಹಂಗಾಮಿನಲ್ಲಿ ಐವತ್ತು ಸದಸ್ಯರನ್ನು ಆರಿಸಿ, ಅವರ ಕಾಯಿಯನ್ನು ಬೇರೆಯಾಗಿ ಒಣಗಿಸಿ, ಗುರುತು ಹಾಕಿ, ಸಾಂಬಾರ ಮಂಡಳಿಯ ಪ್ರಯೋಗಾಲಯದಲ್ಲೋ ಮಾನ್ಯತೆ ಪಡೆದ ಬೇರೆಡೆಯಲ್ಲೋ ಪರೀಕ್ಷೆ ಮಾಡಿಸಿ. ಆ ವರದಿಯೊಂದಿಗೆ ಓಲಿಯೋರೆಸಿನ್ ತಯಾರಿಸುವವರ ಹತ್ತಿರ ಹೋಗಿ, ಬಣ್ಣದ ಅಂಕಕ್ಕೆ ತಕ್ಕ ದರ ಕೇಳಿ. ಯುರೋಪಿನ ಮಿತಿಯೊಳಗಿರುವ, ಹೊಲದವರೆಗೆ ಗುರುತು ಹಿಡಿಯಬಹುದಾದ ಕಾಯಿಯನ್ನು ಅವರೂ ಹುಡುಕುತ್ತಿರುತ್ತಾರೆ. ಎರಡನೆಯ ವರ್ಷ ಪುಡಿಯ ಯಂತ್ರದ ಮಾತು ತೆಗೆಯಿರಿ. ಮೆಣಸಿನಕಾಯಿ ಅಪೆಡಾದ ವ್ಯಾಪ್ತಿಗೆ ಬರುವುದಿಲ್ಲ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಸಾಂಬಾರ ಮಂಡಳಿಯಲ್ಲಿ ಸಾಂಬಾರ ಪದಾರ್ಥಗಳ ರಫ್ತುದಾರರೆಂದು ನೋಂದಾಯಿಸಿಕೊಳ್ಳಬೇಕು ಎಂಬುದನ್ನೂ ಗಮನದಲ್ಲಿಡಿ.

ಪ್ರಶ್ನೆ: ಕಳೆದ ವರ್ಷ ನಮ್ಮ ಗಿಣಿಮೂತಿ ಮಾವು ಆಂಧ್ರದ ಗಡಿಯಲ್ಲಿ ನಿಂತುಹೋಗಿ ಕಣ್ಣೆದುರಿಗೇ ಕೊಳೆಯಿತು. ನಮ್ಮ ಜಿಲ್ಲೆಯಲ್ಲೇ ಮಾವಿನ ತಿರುಳಿನ ಕಾರ್ಖಾನೆಗಳು ಏಕೆ ಬೆಳೆಯಲಿಲ್ಲ? ರೈತರೇ ಸೇರಿ ಕಟ್ಟಬಹುದೇ?
— ಒಬ್ಬ ಬೆಳೆಗಾರರು, ಶ್ರೀನಿವಾಸಪುರ

ಉತ್ತರ: 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿಯ, ಎಂದರೆ ನಿಮ್ಮ ಗಿಣಿಮೂತಿ ಮಾವಿನ, ಪ್ರವೇಶವನ್ನು ತಡೆದಾಗ ನಿಮ್ಮ ಭಾಗದವರು ಪಟ್ಟ ಸಂಕಟ ಇಡೀ ರಾಜ್ಯಕ್ಕೆ ಗೊತ್ತಿದೆ. ಆಮೇಲೆ ಕೇಂದ್ರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲ್‌ಗೆ 1,616 ರೂಪಾಯಿಯ ಆಧಾರದ ಮೇಲೆ 2.5 ಲಕ್ಷ ಟನ್ನಿನವರೆಗೆ ದರ ವ್ಯತ್ಯಾಸದ ಹಣ ಕೊಡಲು ಒಪ್ಪಿತು. ಅದು ಆ ವರ್ಷದ ಗಾಯಕ್ಕೆ ಹಚ್ಚಿದ ಮದ್ದು. ಬೆಳೆ ಒಂದು ರಾಜ್ಯದಲ್ಲಿ, ಅದನ್ನು ತಿರುಳಾಗಿಸುವ ಕಾರ್ಖಾನೆ ಇನ್ನೊಂದು ರಾಜ್ಯದಲ್ಲಿ ಇರುವವರೆಗೆ ಇಂಥ ಸಂಕಟ ಮರುಕಳಿಸುವ ಸಾಧ್ಯತೆ ಇದ್ದೇ ಇರುತ್ತದೆ.

ತೋತಾಪುರಿಯನ್ನು ಹಣ್ಣಾಗಿ ಕೊಂಡು ತಿನ್ನುವವರು ಕಡಿಮೆ. ಅದರ ಜೀವಾಳ ತಿರುಳು. ಸೌದಿ ಅರೇಬಿಯಾ, ಯೆಮೆನ್, ಕುವೈತ್, ನೆದರ್‌ಲೆಂಡ್ಸ್ ಮೊದಲಾದ ಕಡೆಗಳಲ್ಲಿ ಮಾವಿನ ಪಾನೀಯಕ್ಕೆ ನಮ್ಮ ದೇಶದ ತಿರುಳೇ ಆಧಾರ. ಚಿತ್ತೂರು ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ ಕಾರ್ಖಾನೆಗಳು ಒಂದರ ಪಕ್ಕ ಒಂದು ಎದ್ದವು. ಒಂದೆಡೆ ಕಾರ್ಖಾನೆಗಳು ನೆಲೆಯೂರಿದರೆ ಕುಶಲ ಕೆಲಸಗಾರರು, ಡ್ರಮ್ಮು ಮಾಡುವವರು, ರಿಪೇರಿಯವರು, ಚೆನ್ನೈ ಬಂದರಿಗೆ ಸಾಗಿಸುವ ಲಾರಿಯವರು ಎಲ್ಲರೂ ಅಲ್ಲೇ ಸೇರುತ್ತಾರೆ. ಹೊಸದಾಗಿ ಬೇರೆ ಕಡೆ ಕಟ್ಟುವವರಿಗೆ ಈ ಯಾವ ಅನುಕೂಲವೂ ಕೂಡಲೇ ಸಿಗುವುದಿಲ್ಲ. ನಿಮ್ಮ ಹಣ್ಣು ಅಷ್ಟು ಹತ್ತಿರದಲ್ಲೇ ಮಾರಾಟವಾಗುತ್ತಿದ್ದುದರಿಂದ ಈ ಕಡೆ ಕಟ್ಟಬೇಕೆಂಬ ಒತ್ತಡವೂ ಹುಟ್ಟಲಿಲ್ಲ.

ರೈತರೇ ಸೇರಿ ಕಟ್ಟಬಹುದು. ಆದರೆ ಲೆಕ್ಕ ಕಠಿಣವಾಗಿದೆ. ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಿರುಳಾಗಿ ಸಿಗುತ್ತದೆ. ಕಾಯಿಸಿ, ತಣಿಸಿ, ಗಾಳಿ ಸೋಕದಂತೆ ಒಳಚೀಲವಿರುವ ಡ್ರಮ್ಮಿಗೆ ತುಂಬುವ ನಿರ್ಜೀವೀಕರಣ ಯಂತ್ರಗಳ ಸಾಲಿಗೆ ದೊಡ್ಡ ಬಂಡವಾಳ ಬೇಕು. ತೋತಾಪುರಿಯ ಹಂಗಾಮು ಎರಡು ತಿಂಗಳ ಆಸುಪಾಸು. ಉಳಿದ ಹತ್ತು ತಿಂಗಳು ಯಂತ್ರ ಸುಮ್ಮನೆ ನಿಂತರೂ ಬಡ್ಡಿ ನಿಲ್ಲುವುದಿಲ್ಲ. ಇದರ ಮೇಲೆ, ಜೂನ್‌ನಲ್ಲಿ ಹಣ್ಣು ಕೊಂಡು ತುಂಬಿಟ್ಟ ಡ್ರಮ್ಮು ಮುಂದಿನ ಫೆಬ್ರವರಿಯಲ್ಲಿ ಮಾರಾಟವಾಗಬಹುದು. ಅಷ್ಟು ತಿಂಗಳು ದುಡಿಮೆಯ ಬಂಡವಾಳ ಸಿಕ್ಕಿಕೊಂಡಿರುತ್ತದೆ. ಸಹಕಾರದ ಅನೇಕ ಪ್ರಯತ್ನಗಳು ಸೋಲುವುದು ಯಂತ್ರದ ತೊಂದರೆಯಿಂದಲ್ಲ, ಈ ಹಣದ ಬಿಕ್ಕಟ್ಟಿನಿಂದ.

ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ಟೊಮೆಟೊ ಹೇರಳವಾಗಿರುವುದು ನಿಮಗಿರುವ ಒಂದು ಬಲ. ಮಾವು, ಟೊಮೆಟೊ, ಸೀಬೆ, ಪಪ್ಪಾಯಿ ನಾಲ್ಕನ್ನೂ ಅರೆಯಬಲ್ಲ ಸಾಲನ್ನು ಹಾಕಿದರೆ ವರ್ಷದಲ್ಲಿ ಏಳೆಂಟು ತಿಂಗಳು ಕೆಲಸ ಸಿಗುತ್ತದೆ. ಆದರೆ ನಮ್ಮ ಕಡೆಯ ಟೊಮೆಟೊ ತಳಿಗಳು ಅಡುಗೆಗೆ, ದೂರದ ಸಾಗಣೆಗೆ ಹೊಂದಿದವು. ಅರೆಯಲು ಗಟ್ಟಿ ರಸವಿರುವ, ಕೆಂಪು ಹೆಚ್ಚಿರುವ ತಳಿ ಬೇಕಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರನ್ನು ಈ ವಿಷಯದಲ್ಲಿ ಮೊದಲೇ ಕೇಳಿ. ಯಂತ್ರದ ನಕ್ಷೆ ಮತ್ತು ತರಬೇತಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. 1950ರಿಂದ ಆಹಾರ ಸಂಸ್ಕರಣೆಯಲ್ಲೇ ಸಂಶೋಧನೆ ನಡೆಸುತ್ತ ಬಂದಿರುವ ಅಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದ್ದೂ ನಮ್ಮ ರೈತ ಸಂಘಗಳು ಅದರ ಬಾಗಿಲು ತಟ್ಟುವುದು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಪೂರ್ತಿ ಬಂಡವಾಳವನ್ನು ರೈತರೇ ಹೊರುವ ಬದಲು, ಪಾನೀಯ ತಯಾರಿಸುವ ಕಂಪನಿಯೊಂದರಿಂದ ಕೆಲವು ವರ್ಷಗಳ ಖರೀದಿ ಒಪ್ಪಂದ ಪಡೆದು, ಅದನ್ನು ತೋರಿಸಿ ಬ್ಯಾಂಕಿಗೆ ಹೋಗುವ ದಾರಿಯೇ ಸುರಕ್ಷಿತ ಎಂದು ನನಗೆ ತೋರುತ್ತದೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದ ಹನ್ನೆರಡು ಮಂದಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತೇವೆ. ದುಬೈ ಮತ್ತು ಅಮೆರಿಕದಲ್ಲಿರುವ ನಮ್ಮ ಊರಿನವರು ಬಂದಾಗಲೆಲ್ಲ ಪೆಟ್ಟಿಗೆಗಟ್ಟಲೆ ಒಯ್ಯುತ್ತಾರೆ. ನಾವೇ ಕಳಿಸಲು ಏನು ಮಾಡಬೇಕು?
— ಸಂಘದ ಅಧ್ಯಕ್ಷೆ, ಧಾರವಾಡ ಜಿಲ್ಲೆ

ಉತ್ತರ: ಅಕ್ಕನವರೇ, ನಿಮ್ಮ ರುಚಿಗೆ ಗಿರಾಕಿ ಸಿದ್ಧವಾಗಿದ್ದಾರೆ ಎಂಬುದು ಸಣ್ಣ ಮಾತಲ್ಲ. ಆದರೆ ಊರಿನವರು ಚೀಲದಲ್ಲಿ ಒಯ್ಯುವುದಕ್ಕೂ ವ್ಯಾಪಾರವಾಗಿ ಕಳಿಸುವುದಕ್ಕೂ ಬಹಳ ಅಂತರವಿದೆ.

ರೊಟ್ಟಿಯ ವಿಷಯ ಬೇಗ ಮುಗಿಯುತ್ತದೆ. ಅದು ಹಗುರ, ಜಾಗ ಹೆಚ್ಚು ಹಿಡಿಯುತ್ತದೆ, ಮುರಿಯುತ್ತದೆ. ಸಾಗಣೆ ವೆಚ್ಚದಲ್ಲಿ ಲಾಭ ಉಳಿಯುವುದು ಕಷ್ಟ. ದುಬೈಗೆ ವಿಮಾನದಲ್ಲಿ ಸ್ವಲ್ಪ ಸ್ವಲ್ಪ ಕಳಿಸಿ ನೋಡಬಹುದು, ಅಷ್ಟೆ. ಚಟ್ನಿಪುಡಿ ಹಾಗಲ್ಲ, ಸಣ್ಣ ಪೊಟ್ಟಣದಲ್ಲಿ ಹೆಚ್ಚು ಬೆಲೆ ಹಿಡಿಯುತ್ತದೆ. ಅದರಲ್ಲಿ ನೀವು ಎಚ್ಚರ ವಹಿಸಬೇಕಾದದ್ದು ಶೇಂಗಾ. ಬೂಷ್ಟು ಹಿಡಿದ ಒಂದು ಹಿಡಿ ಶೇಂಗಾದಿಂದ ಮೇಲೆ ಹೇಳಿದ ಅಫ್ಲಾಟಾಕ್ಸಿನ್ ಇಡೀ ಚಟ್ನಿಗೆ ಸೇರುತ್ತದೆ. ಅಮೆರಿಕದ ಮಿತಿ ಕಿಲೋಗೆ 20 ಮೈಕ್ರೋಗ್ರಾಂ. ನೇರವಾಗಿ ತಿನ್ನುವ ಶೇಂಗಾಕ್ಕೆ ಯುರೋಪಿನದು ಒಟ್ಟು 4 ಮೈಕ್ರೋಗ್ರಾಂ. ಹುರಿಯುವ ಮೊದಲು ಸುಕ್ಕಿದ, ಕಪ್ಪಾದ, ಮುಗ್ಗಿದ ಕಾಳನ್ನು ಕೈಯಿಂದ ಆರಿಸಿ ತೆಗೆಯುವ ನಿಮ್ಮ ಹಿರಿಯರ ರೂಢಿಯನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ. ಹುರಿದ ಶೇಂಗಾದ ಎಣ್ಣೆ ಗಾಳಿಗೆ ಕಮಟುತ್ತದೆ. ಸಾದಾ ಪ್ಲಾಸ್ಟಿಕ್ ಚೀಲ ಸಾಲದು, ಗಾಳಿ ಮತ್ತು ಬೆಳಕನ್ನು ತಡೆಯುವ ಪದರದ ಪೊಟ್ಟಣ ಬೇಕು. ಎಷ್ಟು ತಿಂಗಳು ಕೆಡದೆ ಇರುತ್ತದೆ ಎಂಬುದನ್ನು ಅಂದಾಜಿನ ಮೇಲೆ ಬರೆಯದೆ ಪ್ರಯೋಗಾಲಯದಲ್ಲಿ ನೋಡಿಸಿ.

ಚೀಟಿಯ ಮೇಲೆ ಶೇಂಗಾ ಇದೆ, ಎಳ್ಳು ಇದ್ದರೆ ಎಳ್ಳು ಇದೆ ಎಂದು ಎದ್ದು ಕಾಣುವಂತೆ ನಮೂದಿಸಬೇಕು. ಅಲ್ಲಿ ಶೇಂಗಾದ ಅಲರ್ಜಿಯಿಂದ ಜೀವಕ್ಕೇ ಅಪಾಯವಾಗುವ ಮಕ್ಕಳಿದ್ದಾರೆ. ಅಮೆರಿಕವು 2023ರ ಜನವರಿ 1ರಿಂದ ಎಳ್ಳನ್ನೂ ಈ ಪಟ್ಟಿಗೆ ಸೇರಿಸಿದೆ. ಶೇಂಗಾ ಕುಟ್ಟಿದ ಒರಳಿನಲ್ಲೇ ಗುರೆಳ್ಳು ಕುಟ್ಟಿದರೆ ಗುರೆಳ್ಳು ಚಟ್ನಿಯ ಮೇಲೂ ಅದನ್ನು ಹೇಳಬೇಕು.

ಕಾಗದಪತ್ರದ ಭಾರವನ್ನು ಮೊದಲ ದಿನವೇ ಹೊರಬೇಡಿ. ರಫ್ತು ಪರವಾನಗಿ ಇರುವ ವ್ಯಾಪಾರಿಯ ಮೂಲಕ ಎರಡು ಮೂರು ಬಾರಿ ಕಳಿಸಿ, ಗಿರಾಕಿಗಳು ಮತ್ತೆ ಕೇಳುತ್ತಾರೆಯೇ ನೋಡಿ. ಆಮೇಲೆ ಸಂಘದ ಹೆಸರಿನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಆಮದು-ರಫ್ತು ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಕೇಂದ್ರ ಪರವಾನಗಿ, ಅಪೆಡಾ ನೋಂದಣಿ, ಇವನ್ನು ಪಡೆಯಿರಿ. ಆಮದು-ರಫ್ತು ಸಂಖ್ಯೆಯನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಜಾಲತಾಣದಲ್ಲಿ ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಅಮೆರಿಕಕ್ಕೆ ಕಳಿಸಬೇಕಾದರೆ ನಿಮ್ಮ ಘಟಕವನ್ನು ಅಲ್ಲಿನ ಆಹಾರ ಮತ್ತು ಔಷಧ ಆಡಳಿತದಲ್ಲಿ ನೋಂದಾಯಿಸಿ, ಸಮಸಂಖ್ಯೆಯ ವರ್ಷಗಳಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ನವೀಕರಿಸಬೇಕು.

ಹಣದ ನೆರವಿಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ಇದೆ. ಯೋಜನೆಯಡಿ ಸಿಗುವ ಶೇ 35ರ ಜೊತೆಗೆ ನಮ್ಮ ರಾಜ್ಯ ಶೇ 15 ಸೇರಿಸಿ, 15 ಲಕ್ಷ ರೂಪಾಯಿಯ ಮಿತಿಯೊಳಗೆ ಅರ್ಧದಷ್ಟು ಸಹಾಯಧನ ಕೊಡುತ್ತ ಬಂದಿದೆ. ಸ್ವಸಹಾಯ ಸಂಘದ ಪ್ರತಿ ಸದಸ್ಯೆಗೆ 40,000 ರೂಪಾಯಿಯವರೆಗೆ ಬೀಜಧನಕ್ಕೂ ಅವಕಾಶ ಇಡಲಾಗಿದೆ. ರಾಜ್ಯದಲ್ಲಿ ಇದನ್ನು ನಡೆಸುವುದು ಕೆಪೆಕ್ ಎಂದು ಕರೆಯುವ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಜಿಲ್ಲೆಯ ಕೃಷಿ ಇಲಾಖೆ ಕಚೇರಿಯಲ್ಲಿ ಯೋಜನೆಯ ಈಗಿನ ಅವಧಿ ಮತ್ತು ನಿಯಮಗಳನ್ನು ಕೇಳಿಕೊಂಡು ಅರ್ಜಿ ಹಾಕಿ.

ಪ್ರಶ್ನೆ: ಆಹಾರ ರಫ್ತಿಗೆ ಇಳಿಯಬೇಕೆಂದಿರುವ ಯುವಕ ನಾನು. ಅಮೆರಿಕದ ಸುಂಕದ ಸುದ್ದಿ ಓದಿ ಹಿಂಜರಿಕೆಯಾಗಿದೆ. ಯಾವ ದೇಶವನ್ನು ನಂಬಬೇಕು? ಮಾಲು ಹೋದ ಮೇಲೆ ಹಣ ಬಾರದಿದ್ದರೆ ಏನು ಗತಿ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: 2025ರ ಆಗಸ್ಟ್ 27ರಿಂದ ಭಾರತದ ಬಹುತೇಕ ಸರಕುಗಳ ಮೇಲೆ ಅಮೆರಿಕದ ಹೆಚ್ಚುವರಿ ಸುಂಕ ಶೇ 50ಕ್ಕೆ ಏರಿತು. ನವೆಂಬರ್‌ನಲ್ಲಿ ಕಾಫಿ, ಚಹಾ, ಹಲವು ಸಾಂಬಾರ ಪದಾರ್ಥಗಳಿಗೆ ವಿನಾಯಿತಿ ಸಿಕ್ಕಿತು. ಆ ಬಳಿಕವೂ ದರಗಳು ಬದಲಾಗುತ್ತಿವೆ. ಹಾಗಾಗಿ ಬೆಲೆ ಹೇಳುವ ದಿನದ ಸುಂಕ ಎಷ್ಟೆಂದು ನೋಡಿಕೊಂಡು, ಬದಲಾದರೆ ಯಾರು ಭರಿಸಬೇಕೆಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಒಂದೇ ದೇಶಕ್ಕೆ ಎಲ್ಲವನ್ನೂ ಒಪ್ಪಿಸಬೇಡಿ. ಯುಎಇಯೊಂದಿಗಿನ ಸುಂಕ ರಿಯಾಯಿತಿಯ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದೊಂದಿಗಿನದು ಅದೇ ವರ್ಷದ ಡಿಸೆಂಬರ್ 29ರಿಂದ, ಸ್ವಿಟ್ಜರ್‌ಲೆಂಡ್, ನಾರ್ವೆ ಮೊದಲಾದ ನಾಲ್ಕು ದೇಶಗಳ ಕೂಟದೊಂದಿಗಿನದು 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಬ್ರಿಟನ್ನಿನೊಂದಿಗೆ 2025ರ ಜುಲೈ 24ರಂದು ಸಹಿಯಾಗಿದೆ. ಈ ರಿಯಾಯಿತಿಗಳು ತಾವಾಗಿ ಸಿಗುವುದಿಲ್ಲ. ಮಾಲು ಭಾರತದಲ್ಲೇ ತಯಾರಾದದ್ದು ಎಂಬ ಮೂಲದ ಪ್ರಮಾಣಪತ್ರ ಪಡೆದು ಮಾಲಿನೊಂದಿಗೆ ಕಳಿಸಬೇಕು. ಹೊಸಬರಿಗೆ ನಾನು ಮೊದಲು ಹೇಳುವುದು ಕೊಲ್ಲಿ ರಾಷ್ಟ್ರಗಳನ್ನು. ಹಡಗಿನ ದಾರಿ ಹತ್ತಿರ, ನಮ್ಮ ರುಚಿ ಬಲ್ಲವರು ಲಕ್ಷಾಂತರ ಮಂದಿ ಅಲ್ಲಿದ್ದಾರೆ. 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳ ಕಾರಣ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾವನ್ನು ಸುತ್ತಿ ಹತ್ತು ಹದಿನೈದು ದಿನ ಹೆಚ್ಚು ತೆಗೆದುಕೊಂಡಾಗ, ಹೊಸದಾಗಿ ಇಳಿದವರ ಬಂಡವಾಳ ಸಮುದ್ರದ ಮೇಲೆಯೇ ಸಿಕ್ಕಿಕೊಂಡಿತ್ತು.

ಹಣದ ಬಗ್ಗೆ ಹೇಳುವುದಾದರೆ, ಮೊದಲ ವ್ಯವಹಾರದಲ್ಲಿ ಮಾಲು ಹೊರಡುವ ಮೊದಲೇ ಒಂದು ಭಾಗ ಮುಂಗಡವಾಗಿ ಬರಲಿ. ಉಳಿದದ್ದಕ್ಕೆ ಗಿರಾಕಿಯ ಬ್ಯಾಂಕಿನಿಂದ ಸಾಖಪತ್ರ (ಲೆಟರ್ ಆಫ್ ಕ್ರೆಡಿಟ್), ಎಂದರೆ ಕಾಗದಪತ್ರ ಸರಿಯಿದ್ದರೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಭರವಸೆಯ ಪತ್ರ, ಕೇಳಿ. ಸಾಖಪತ್ರದಲ್ಲಿ ಬರೆದ ಒಂದಕ್ಷರ ನಿಮ್ಮ ಬಿಲ್ಲಿನಲ್ಲಿ ಬೇರೆಯಾಗಿದ್ದರೂ ಬ್ಯಾಂಕು ಹಣ ತಡೆಯಬಹುದು, ಆದ್ದರಿಂದ ಬಂದ ದಿನವೇ ಅದನ್ನು ನಿಮ್ಮ ಬ್ಯಾಂಕಿನವರ ಜೊತೆ ಕುಳಿತು ಸಾಲು ಸಾಲಾಗಿ ಓದಿ. ಸಾಲದ ಮೇಲೆ ಕೊಡಲೇಬೇಕಾದಾಗ 1957ರಿಂದ ಇರುವ ಇಸಿಜಿಸಿ ಎಂಬ ಸರ್ಕಾರಿ ಸಂಸ್ಥೆಯ ವಿಮೆ ಮಾಡಿಸಿ. ಗಿರಾಕಿ ದಿವಾಳಿಯಾದರೂ, ಆ ದೇಶದಲ್ಲಿ ಯುದ್ಧವಾಗಿ ಹಣ ತಡೆದರೂ ನಷ್ಟದ ಬಹುಪಾಲನ್ನು ಅದು ತುಂಬಿಕೊಡುತ್ತದೆ. ವಿಮೆ ಕೇಳಿದಾಗ ಆ ಗಿರಾಕಿಯ ಹಿಂದಿನ ವ್ಯವಹಾರವನ್ನು ಅವರೇ ವಿಚಾರಿಸುತ್ತಾರೆ. ಇಂಥವನಿಗೆ ಇಷ್ಟಕ್ಕಿಂತ ಹೆಚ್ಚು ಸಾಲ ಕೊಡಬೇಡಿ ಎಂದು ಅವರು ಹೇಳಿದರೆ, ಆದೇಶ ಎಷ್ಟೇ ದೊಡ್ಡದಿರಲಿ, ಆ ಮಿತಿಯನ್ನು ದಾಟಬೇಡಿ.